ಆಂಟಿಬಯೋಟಿಕ್ ಜೊತೆ ಪ್ರೊಬಯೋಟಿಕ್: ಯಾರಿಗೆ ಬೇಕು, ಯಾರಿಗೆ ಬೇಡ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 6 ವರ್ಷ. ಕಿವಿ ಸೋಂಕು ಅಂತ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನುವ ಆಂಟಿಬಯೋಟಿಕ್ ಸಿರಪ್ ಬರೆದುಕೊಟ್ಟಿದ್ದಾರೆ. ಎರಡನೇ ದಿನದಿಂದಲೇ ದಿನಕ್ಕೆ ನಾಲ್ಕೈದು ಸಲ ನೀರಾಗಿ ಭೇದಿ ಆಗುತ್ತಿದೆ. ಮೆಡಿಕಲ್ ಶಾಪಿನವರು ಪ್ರೊಬಯೋಟಿಕ್ ಸ್ಯಾಶೆ (ಒಳ್ಳೆಯ ಸೂಕ್ಷ್ಮಜೀವಿಗಳಿರುವ ಪುಡಿಯ ಪೊಟ್ಟಣ) ಕೊಟ್ಟರು. ಅತ್ತೆ ಮಾತ್ರ ಮೊಸರನ್ನ ಕೊಟ್ಟರೆ ಸಾಕು, ಮೊಸರಲ್ಲಿ ಇಲ್ಲದ್ದು ಆ ಪುಡಿಯಲ್ಲಿ ಏನಿದೆ ಅಂತಾರೆ. ನನ್ನ ಗಂಡ ಇಮ್ಯೂನಿಟಿಗೆ ಒಳ್ಳೆಯದು ಅಂತ ಆನ್‌ಲೈನಲ್ಲಿ ದುಬಾರಿ ಕ್ಯಾಪ್ಸೂಲ್ ತರಿಸಿದ್ದಾರೆ, ಮನೆಯವರೆಲ್ಲ ದಿನಾ ತಗೊಳ್ಳೋಣ ಅಂತಿದ್ದಾರೆ. ಮಾವನಿಗೆ ಕಿಮೋ ನಡೆಯುತ್ತಿದೆ, ಅವರಿಗೂ ಕೊಡಬಹುದಾ? (ದಾವಣಗೆರೆಯ ಓದುಗರು)

ಉತ್ತರ: ಮೊದಲು ಮಗನನ್ನು ನೋಡೋಣ, ಉಳಿದದ್ದು ಆಮೇಲೆ. ಅವನು ಮೂತ್ರ ಸರಿಯಾಗಿ ಮಾಡುತ್ತಿದ್ದಾನಾ? ಅಳುವಾಗ ಕಣ್ಣೀರು ಬರುತ್ತಾ? ನಾಲಿಗೆ ಒದ್ದೆ ಇದೆಯಾ? ಎದ್ದು ಆಡುವಷ್ಟು ಗೆಲುವಾಗಿದ್ದಾನಾ? ಎಲ್ಲಕ್ಕೂ ಹೌದು ಅಂತಾದರೆ ಗಾಬರಿ ಬೇಡ. ಭೇದಿಯಲ್ಲಿ ರಕ್ತ ಕಂಡರೆ, ಅರ್ಧ ದಿನದಿಂದ ಮೂತ್ರವೇ ಆಗಿಲ್ಲ ಅಂದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಂಕಾಗಿ ಮಲಗೇ ಇದ್ದರೆ, ಇದನ್ನು ಓದುವುದು ಬಿಟ್ಟು ಈಗಲೇ ಡಾಕ್ಟರ ಹತ್ತಿರ ಹೊರಡಿ.

ಆಂಟಿಬಯೋಟಿಕ್ಕನ್ನು ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಹೀಗೆ ಭೇದಿ ಆಗುತ್ತಿದೆ ಅಂತ ಹೇಳಿ. ಬೇರೆ ಔಷಧಿ ಕೊಡಬೇಕಾ, ಹೀಗೇ ಮುಂದುವರಿಸಬೇಕಾ ಅಂತ ಅವರು ಹೇಳುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿ ಓಆರ್‌ಎಸ್ (ಉಪ್ಪು-ಗ್ಲೂಕೋಸ್ ಪುಡಿಯ ನೀರು) ಕಲಸಿಡಿ. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್. ಅರ್ಧ ಪ್ಯಾಕೆಟ್ ಅರ್ಧ ಲೀಟರಿಗೆ ಅಂತ ಅಂದಾಜಿನಲ್ಲಿ ಹಾಕಬೇಡಿ, ಉಪ್ಪಿನ ಲೆಕ್ಕ ತಪ್ಪುತ್ತದೆ. ಒಂದೊಂದು ಸಲ ಭೇದಿಯಾದ ಮೇಲೂ ಈ ವಯಸ್ಸಿಗೆ ಅರ್ಧದಿಂದ ಒಂದು ಲೋಟ, ಗುಟುಕು ಗುಟುಕಾಗಿ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಿ, ಹೊಸದು ಕಲಸಿ. ಅಂಗಡಿಯಲ್ಲಿ ಸಿಗುವ ಸಿಹಿ ಸಿಹಿ ಹಣ್ಣಿನ ರುಚಿಯ ಡ್ರಿಂಕ್ ಇದಕ್ಕೆ ಬದಲಿ ಆಗುವುದಿಲ್ಲ. ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಹೆಚ್ಚಬಹುದು.

ಪ್ರೊಬಯೋಟಿಕ್ ಬಗ್ಗೆ ಕೇಳಿದರೆ ಓಆರ್‌ಎಸ್ ಬಗ್ಗೆ ಯಾಕೆ ಹೇಳುತ್ತಿದ್ದಾರೆ ಅನ್ನಿಸಬಹುದು. ಕಾರಣ ಇದೆ. ಒಂದು ಮಳೆಗಾಲದಲ್ಲಿ ಒಬ್ಬ ತಾಯಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದರು. ಮೂರು ಕಂಪನಿಯ ಪ್ರೊಬಯೋಟಿಕ್, ಒಂದು ವಾಂತಿ ಸಿರಪ್, ಒಂದು ಆಂಟಿಬಯೋಟಿಕ್. ಓಆರ್‌ಎಸ್ ಒಂದು ಪ್ಯಾಕೆಟ್ಟೂ ಇರಲಿಲ್ಲ. ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟೆ. ಮಡಿಕೆ ಹಾಗೇ ನಿಂತು, ನಿಧಾನಕ್ಕೆ ಇಳಿಯಿತು. ತುಟಿ ಒಣಗಿ ಬಿರಿದಿತ್ತು. ಮೈಯಲ್ಲಿ ನೀರು ಬತ್ತಿಹೋಗಿತ್ತು. ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಒಂದೆರಡು ನಿಮಿಷಕ್ಕೊಂದು ಚಮಚದ ಹಾಗೆ ತಾಯಿಯ ಕೈಯಿಂದಲೇ ಓಆರ್‌ಎಸ್ ಕುಡಿಸಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ಮಗು ತಾಯಿಯ ಸೀರೆ ಒದ್ದೆ ಮಾಡಿತು, ಆ ತಾಯಿ ಅಳುತ್ತಲೇ ನಕ್ಕರು. ಅವರು ದುಡ್ಡು ಖರ್ಚು ಮಾಡಿದ್ದರು, ನಿದ್ದೆಗೆಟ್ಟು ಮಗುವನ್ನು ನೋಡಿಕೊಂಡಿದ್ದರು, ಯಾವುದರಲ್ಲೂ ಕಡಿಮೆ ಮಾಡಿರಲಿಲ್ಲ. ಆದರೆ ಬೇಕಾದದ್ದು ಯಾವುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿಗಳು ಖಾಲಿಯಾದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ ಜನರ ಜೀವ ಉಳಿಸಿದ್ದು ನಮ್ಮ ದೇಶದಲ್ಲೇ. ಅಷ್ಟು ಅಗ್ಗದ ಆ ಪ್ಯಾಕೆಟ್ಟನ್ನು ನಾವು ಮರೆತು ದುಬಾರಿ ಸ್ಯಾಶೆ ಹಿಂದೆ ಹೋಗುವುದು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಸರಿ, ಈಗ ಸ್ಯಾಶೆ ವಿಷಯ.

ನಮ್ಮ ಕರುಳಲ್ಲಿ ಲಕ್ಷ ಲಕ್ಷ ಕೋಟಿ ಬ್ಯಾಕ್ಟೀರಿಯಾ ಬೀಡುಬಿಟ್ಟಿವೆ. ನಮಗೆ ಜೀರ್ಣ ಆಗದ ನಾರನ್ನು ಅವು ಒಡೆದು ತಿನ್ನುತ್ತವೆ, ಕೆಟ್ಟ ಸೂಕ್ಷ್ಮಜೀವಿಗಳಿಗೆ ಜಾಗ ಬಿಡುವುದಿಲ್ಲ. ಆಂಟಿಬಯೋಟಿಕ್‌ಗೆ ಕಿವಿಯಲ್ಲಿರುವುದು ಯಾವುದು, ಕರುಳಲ್ಲಿರುವುದು ಯಾವುದು ಅನ್ನುವ ಭೇದ ಗೊತ್ತಿಲ್ಲ. ಎರಡನ್ನೂ ಹೊಡೆಯುತ್ತದೆ. ಆಗ ಒಡೆಯದೆ ಉಳಿದ ಹಿಟ್ಟು-ಸಕ್ಕರೆ ಅಂಶ ಕರುಳೊಳಗೆ ನೀರು ಎಳೆದುಕೊಳ್ಳುತ್ತದೆ, ಭೇದಿ ಶುರುವಾಗುತ್ತದೆ. ನಿಮ್ಮ ಮಗನಿಗೆ ಕೊಟ್ಟಿರುವ ಸಿರಪ್ಪಿನಲ್ಲಿ ಈ ತೊಂದರೆ ಉಳಿದ ಎಷ್ಟೋ ಆಂಟಿಬಯೋಟಿಕ್‌ಗಿಂತ ಜಾಸ್ತಿ, ಅದರಲ್ಲಿರುವ ಕ್ಲಾವುಲನೇಟ್ ಕರುಳಿನ ಚಲನೆಯನ್ನೂ ಚುರುಕು ಮಾಡುತ್ತದೆ. ಹಾಗಾಗಿ ಎರಡನೇ ದಿನಕ್ಕೇ ಭೇದಿ ಶುರುವಾದದ್ದು ನಮಗೆ ಹೊಸದೇನಲ್ಲ.

ಪ್ರೊಬಯೋಟಿಕ್ ನಿಜವಾಗಿ ಕೆಲಸ ಮಾಡುತ್ತದೆ ಅಂತ ಒಳ್ಳೆಯ ಪುರಾವೆ ಇರುವ ಕೆಲವೇ ಜಾಗಗಳಲ್ಲಿ ಇದೂ ಒಂದು. ಕಾಕ್ರೇನ್ ಅನ್ನುವ ಸಂಸ್ಥೆ ಜಗತ್ತಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ತೂಗಿ ನೋಡುತ್ತದೆ. 2019ರಲ್ಲಿ ಅವರು ಮಕ್ಕಳ ಮೇಲಿನ 33 ಪ್ರಯೋಗಗಳನ್ನು, ಆರು ಸಾವಿರಕ್ಕೂ ಹೆಚ್ಚು ಮಕ್ಕಳ ವಿವರವನ್ನು ನೋಡಿದರು. ಬರೀ ಆಂಟಿಬಯೋಟಿಕ್ ತಗೊಂಡ 100 ಮಕ್ಕಳಲ್ಲಿ 19 ಮಕ್ಕಳಿಗೆ ಭೇದಿ ಆಗಿತ್ತು. ಜೊತೆಗೆ ಪ್ರೊಬಯೋಟಿಕ್ಕೂ ತಗೊಂಡವರಲ್ಲಿ 8 ಮಕ್ಕಳಿಗೆ. ಇದು ಸಣ್ಣ ಲಾಭವಲ್ಲ. ಆದರೆ ಎರಡು ಮಾತು ಗಮನಿಸಿ. ಒಂದು, ಆ ಮಕ್ಕಳು ಆಂಟಿಬಯೋಟಿಕ್ ಶುರು ಮಾಡಿದಾಗಲೇ ಪ್ರೊಬಯೋಟಿಕ್ಕನ್ನೂ ಶುರು ಮಾಡಿದ್ದರು. ಭೇದಿ ಹಿಡಿದ ಮೇಲೆ ಕೊಟ್ಟರೆ ಅಷ್ಟೇ ಲಾಭ ಆಗುತ್ತದೆ ಅನ್ನುವುದಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಎರಡು, ಎಲ್ಲ ಪುಡಿಯೂ ಒಂದೇ ಅಲ್ಲ. ಮುಖ್ಯವಾಗಿ ಮುಂದೆ ಬಂದದ್ದು ಎರಡೇ ತಳಿಗಳ ಹೆಸರು: ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಮತ್ತು ಸ್ಯಾಕರೋಮೈಸಿಸ್ ಬೌಲಾರ್ಡಿ. ಅದೂ ದಿನಕ್ಕೆ 500 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಜೀವಾಣು ಸಿಗುವ ಪ್ರಮಾಣದಲ್ಲಿ.

ಹಾಗಾದರೆ ನಿಮ್ಮ ಮಗನಿಗೆ ಕೊಡಬಹುದಾ? ಆರೋಗ್ಯವಾಗಿ ಬೆಳೆಯುತ್ತಿರುವ ಮಗು ಅಂತಾದರೆ ಕೊಡಬಹುದು, ತೊಂದರೆ ಆಗುವ ಸಂಭವ ಬಹಳ ಕಡಿಮೆ. ಆಂಟಿಬಯೋಟಿಕ್ ಮುಗಿಯುವವರೆಗೆ, ಬೇಕಾದರೆ ಅದಾಗಿ ಇನ್ನೂ ಕೆಲವು ದಿನ. ಸ್ಯಾಶೆಯಲ್ಲಿ ಬ್ಯಾಕ್ಟೀರಿಯಾ ಇದ್ದರೆ ಆಂಟಿಬಯೋಟಿಕ್ ಕೊಟ್ಟು ಎರಡು ಗಂಟೆ ಬಿಟ್ಟು ಕೊಡಿ, ಇಲ್ಲದಿದ್ದರೆ ಮೇಲಿಂದ ಬಂದ ಔಷಧಿ ಇದನ್ನೂ ಕೊಂದುಬಿಡುತ್ತದೆ. ಬೌಲಾರ್ಡಿ ಅನ್ನುವುದು ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಅದಕ್ಕೆ ಆಂಟಿಬಯೋಟಿಕ್ ತಾಗುವುದಿಲ್ಲ, ಹಾಗಾಗಿ ಈ ಅಂತರದ ತಲೆನೋವಿಲ್ಲ. ಬಿಸಿ ಹಾಲಿಗೆ, ಬಿಸಿ ಗಂಜಿಗೆ ಯಾವುದನ್ನೂ ಹಾಕಬೇಡಿ. ಇವು ಜೀವ ಇರುವ ವಸ್ತು, ಬಿಸಿಗೆ ಸಾಯುತ್ತವೆ.

ತಳಿ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲ ಗೊಂದಲವೂ ಇಲ್ಲೇ ಹುಟ್ಟುವುದು. ನೀವು ಮಾರ್ಕೆಟ್ಟಿಗೆ ಹೋಗಿ ಬರೀ ಮಾವಿನ ಹಣ್ಣು ಕೊಡಿ ಅಂತ ಕೇಳುವುದಿಲ್ಲ ಅಲ್ವಾ? ಸೀಕರಣೆಗೆ ರಸಪುರಿ, ಹಾಗೇ ಕೊಯ್ದು ತಿನ್ನುವುದಕ್ಕೆ ಬಾದಾಮಿ, ಉಪ್ಪು-ಖಾರ ಹಚ್ಚಿ ತಿನ್ನುವುದಕ್ಕೆ ತೋತಾಪುರಿ. ಎಲ್ಲವೂ ಮಾವೇ, ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಅನ್ನುವುದೂ ಹಾಗೇ. ಒಂದು ತಳಿಗೆ ಪುರಾವೆ ಸಿಕ್ಕಿತು ಅಂತ ಅದೇ ಕುಲದ ಇನ್ನೊಂದು ತಳಿಯನ್ನು ಡಬ್ಬಿಗೆ ತುಂಬಿ ಅದೇ ಗುಣ ಹೇಳಿಕೊಂಡು ಮಾರುವುದು ತಪ್ಪು. ಅದು ದಿನಾ ನಡೆಯುತ್ತಿದೆ.

ಈ ತಳಿಗಳನ್ನು ಕಂಡುಕೊಂಡ ಕಥೆಗಳೂ ಚೆನ್ನಾಗಿವೆ. ಮೊದಲ ಮಹಾಯುದ್ಧದ ಹೊತ್ತು, 1917. ಜೊತೆಯ ಸೈನಿಕರೆಲ್ಲ ಭೇದಿಯಿಂದ ನೆಲ ಹಿಡಿದಾಗ ಒಬ್ಬನಿಗೆ ಮಾತ್ರ ಏನೂ ಆಗಿರಲಿಲ್ಲ. ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಅವನ ಮಲದಿಂದಲೇ ಇ. ಕೋಲಿ ಅನ್ನುವ ಕರುಳಿನ ಬ್ಯಾಕ್ಟೀರಿಯಾದ ಒಂದು ಒಳ್ಳೆಯ ತಳಿಯನ್ನು ಬೇರ್ಪಡಿಸಿದರು. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಅಂತೀವಲ್ಲ, ಅದು ಮರುಕಳಿಸದ ಹಾಗೆ ನೋಡಿಕೊಳ್ಳಲು ಆ ತಳಿಯನ್ನು ಇವತ್ತಿಗೂ ಕೆಲವು ದೇಶಗಳಲ್ಲಿ ಕೊಡುತ್ತಾರೆ. ಫ್ರಾನ್ಸಿನ ವಿಜ್ಞಾನಿ ಆನ್ರಿ ಬೌಲಾರ್ 1920ರ ದಶಕದಲ್ಲಿ ಇಂಡೋಚೈನಾಕ್ಕೆ (ಈಗಿನ ವಿಯೆಟ್ನಾಂ ಸುತ್ತಮುತ್ತಲ ಪ್ರದೇಶ) ಹೋಗಿದ್ದಾಗ, ಕಾಲರಾ ಹರಡಿದ ಊರಿನ ಜನ ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿಯುವುದನ್ನು ನೋಡಿದರು. ಆ ಸಿಪ್ಪೆಯಿಂದ ಸಿಕ್ಕಿದ ಯೀಸ್ಟೇ ನಾನು ಮೇಲೆ ಹೇಳಿದ ಬೌಲಾರ್ಡಿ.

ಒಂದು ಕಡೆ ಕೆಲಸ ಮಾಡಿದ್ದು ಇನ್ನೊಂದು ಕಡೆ ಮಾಡಲೇಬೇಕೆಂದಿಲ್ಲ. ಮಕ್ಕಳಿಗೆ ವೈರಸ್‌ನಿಂದ ಬರುವ ವಾಂತಿ-ಭೇದಿಗೆ ಪ್ರೊಬಯೋಟಿಕ್ ಕೊಡುವುದು ನಮ್ಮಲ್ಲಿ ರೂಢಿ. ನಾನೂ ವರ್ಷಗಟ್ಟಲೆ ಬರೆದುಕೊಟ್ಟಿದ್ದೇನೆ. 2018ರಲ್ಲಿ ಅಮೆರಿಕದಲ್ಲಿ ಒಂದು, ಕೆನಡಾದಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಎರಡರಲ್ಲೂ ಸೇರಿ 1,800ಕ್ಕೂ ಹೆಚ್ಚು ಮಕ್ಕಳು. ಅರ್ಧ ಮಕ್ಕಳಿಗೆ ನಿಜವಾದ ಪ್ರೊಬಯೋಟಿಕ್, ಉಳಿದ ಅರ್ಧಕ್ಕೆ ನೋಡಲು ಹಾಗೇ ಇರುವ ಸಪ್ಪೆ ಪುಡಿ. ಎರಡೂ ಗುಂಪಿನ ಮಕ್ಕಳಿಗೆ ಭೇದಿ ನಿಂತದ್ದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಅಮೆರಿಕದ ಪ್ರಯೋಗದಲ್ಲಿ ಬಳಸಿದ್ದು ಅದೇ ಜಿಜಿ ತಳಿ, ಆಂಟಿಬಯೋಟಿಕ್ ಭೇದಿ ತಡೆಯುತ್ತದಲ್ಲ, ಅದೇ. ಆಮೇಲೆ 2020ರಲ್ಲಿ ಕಾಕ್ರೇನಿನವರೂ ಇನ್ನಷ್ಟು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿ, ಎರಡು ದಿನಕ್ಕಿಂತ ಜಾಸ್ತಿ ಭೇದಿ ಇರುವವರ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ ಅಂದರು. ನಾನು ಬರೆಯುವುದನ್ನು ಕಡಿಮೆ ಮಾಡಿದೆ. ಈಗ ಅಂಥ ಭೇದಿಗೆ ಓಆರ್‌ಎಸ್, ಜೊತೆಗೆ ಆರು ತಿಂಗಳು ದಾಟಿದ ಮಕ್ಕಳಿಗೆ 14 ದಿನ ಜಿಂಕ್, ಮತ್ತು ಮನೆಯ ಊಟ. ಎದೆಹಾಲು ಕುಡಿಯುವ ಮಗುವಾದರೆ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಅತ್ತೆಯ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ತಿರುಳಿದೆ. ತಾಜಾ ಮೊಸರಿನ ಒಂದು ಚಮಚದಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ರಾತ್ರಿಯಿಂದ ಬೆಳಗಿನವರೆಗೆ ಅವು ಹಾಲಿನ ಲ್ಯಾಕ್ಟೋಸ್ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಅದೇ ಹುಳಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನ ಮೊಸರು, ಮಜ್ಜಿಗೆ ಆರಾಮಾಗಿ ಅರಗಿಸಿಕೊಳ್ಳುವುದು ಇದರಿಂದಲೇ. ಒಂದಿಷ್ಟು ಲ್ಯಾಕ್ಟೋಸ್ ಪಾತ್ರೆಯಲ್ಲೇ ಮುಗಿದಿರುತ್ತದೆ, ಉಳಿದದ್ದನ್ನು ಒಡೆಯಲು ಆ ಬ್ಯಾಕ್ಟೀರಿಯಾಗಳ ಕಿಣ್ವ ಹೊಟ್ಟೆಯೊಳಗೂ ಸಹಾಯ ಮಾಡುತ್ತದೆ. ಭೇದಿ ಆಗುತ್ತಿರುವಾಗ ನಿಮ್ಮ ಮಗ ಏನೂ ಬೇಡ ಅಂದರೂ ಮೊಸರನ್ನ ತಿಂದಾನು. ಅನ್ನ ಮೆತ್ತಗೆ ಕಿವುಚಿ, ಚಿಟಿಕೆ ಉಪ್ಪು ಹಾಕಿ, ಇಷ್ಟ ಪಟ್ಟಷ್ಟು ಕೊಡಿ. ಅದು ಒಳ್ಳೆಯ ಆಹಾರ.

ಆದರೆ ಮೊಸರಲ್ಲಿ ಯಾವ ತಳಿ ಇದೆ, ಎಷ್ಟಿದೆ ಅಂತ ಯಾರಿಗೂ ಹೇಳಲಾಗುವುದಿಲ್ಲ. ನಿಮ್ಮ ಮನೆಯ ಹೆಪ್ಪು ಬೇರೆ, ಪಕ್ಕದ ಮನೆಯದು ಬೇರೆ. ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಜಠರದ ಆಮ್ಲದಲ್ಲಿ ಅವುಗಳಲ್ಲಿ ಬಹಳಷ್ಟು ಸಾಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಓ 2001ರಲ್ಲಿ ಕೊಟ್ಟ ವಿವರಣೆ ಪ್ರಕಾರ ಪ್ರೊಬಯೋಟಿಕ್ ಅನ್ನಿಸಿಕೊಳ್ಳಬೇಕಾದರೆ ಅದು ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲಿ ಇರಬೇಕು, ತಗೊಂಡವರಿಗೆ ಆರೋಗ್ಯದ ಲಾಭ ಆಗಬೇಕು. ಮೂರನೆಯದನ್ನು ಪ್ರಯೋಗ ಮಾಡಿ ತೋರಿಸಬೇಕು. ನಮ್ಮ ಮನೆಯ ಗಡಿಗೆಯ ಮೊಸರಿಗೆ ಆ ಪರೀಕ್ಷೆ ಆಗಿಲ್ಲ. ಹಾಗಂತ ಅದರ ಬೆಲೆ ಕಡಿಮೆ ಆಗುವುದಿಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ಸಣ್ಣ ಅಧ್ಯಯನ ಮಾಡಿದರು. ಆರೋಗ್ಯವಂತರಿಗೆ ಹತ್ತು ವಾರ ಮೊಸರಿನಂಥ ಹುದುಗಿಸಿದ ಆಹಾರ ಜಾಸ್ತಿ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ತೋರಿಸುವ 19 ಪ್ರೋಟೀನುಗಳು ಇಳಿದವು. ಊಟಕ್ಕೆ ದಿನಾ ಮೊಸರು, ಮಜ್ಜಿಗೆ ಇರಲಿ ಅನ್ನಲು ನನಗೆ ಇಷ್ಟು ಸಾಕು. ಒಂದು ತಪ್ಪು ಕಲ್ಪನೆ ಮಾತ್ರ ಬೇಡ: ಇಡ್ಲಿ, ದೋಸೆ ಹಿಟ್ಟು ಹುದುಗಿದ್ದರೂ ಹಬೆಯಲ್ಲಿ, ಕಾವಲಿಯ ಮೇಲೆ ಬೆಂದಾಗ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಕುದಿಸಿದ ಮಜ್ಜಿಗೆ ಹುಳಿಯಲ್ಲೂ ಅಷ್ಟೇ. ಹುದುಗಿಸಿ ಹಾಗೇ ಕುಡಿಯುವ ಅಂಬಲಿಯಲ್ಲಿ, ತಂಗಳನ್ನಕ್ಕೆ ಕಲಸಿದ ಮೊಸರಿನಲ್ಲಿ ಉಳಿಯುತ್ತದೆ.

ನಿಮ್ಮ ಗಂಡ ತರಿಸಿರುವ ಕ್ಯಾಪ್ಸೂಲ್ ಡಬ್ಬಿಯನ್ನು ಒಮ್ಮೆ ಕೈಗೆ ತಗೊಳ್ಳಿ. ಹಿಂದಿನ ಚಿಕ್ಕ ಅಕ್ಷರ ನೋಡಿ. ಬ್ಯಾಕ್ಟೀರಿಯಾದ ಎರಡು ಹೆಸರಿನ ಮುಂದೆ ತಳಿಯ ಅಕ್ಷರ ಅಥವಾ ನಂಬರ್ ಇದೆಯಾ? ಎಷ್ಟು ಜೀವಾಣು ಅಂತ ಬರೆದಿದ್ದಾರಾ, ಅದು ತಯಾರಾದ ದಿನದ ಲೆಕ್ಕವಾ ಅಥವಾ ಎಕ್ಸ್‌ಪೈರಿ ದಿನದವರೆಗಿನ ಭರವಸೆಯಾ? ಫ್ರಿಜ್ಜಲ್ಲಿ ಇಡಬೇಕು ಅಂತ ಬರೆದಿದ್ದರೆ, ಅದು ನಿಮ್ಮ ಮನೆಗೆ ಬಂದದ್ದು ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ಗಾಡಿಯಲ್ಲಾ? ಕೇಂದ್ರ ಸರ್ಕಾರದ ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಸೇರಿ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಈ ವಿವರಗಳೆಲ್ಲ ಲೇಬಲ್ ಮೇಲೆ ಇರಬೇಕು ಅಂತ ಹೇಳಿದೆ. ಬರೀ ಹತ್ತು ತಳಿ, ಹದಿನೈದು ತಳಿ ಅಂತ ದೊಡ್ಡದಾಗಿ ಬರೆದು ತಳಿಯ ನಂಬರ್ ಕೊಡದ ಡಬ್ಬಿಯನ್ನು ನಾನು ನಂಬುವುದಿಲ್ಲ.

ಆರೋಗ್ಯವಾಗಿರುವವರು ದಿನಾ ನುಂಗಬೇಕಾ? ನನ್ನ ಉತ್ತರ ಬೇಡ ಅಂತಲೇ. ನೆಗಡಿ, ಗಂಟಲು ಸೋಂಕು ಸ್ವಲ್ಪ ಕಡಿಮೆ ಆಗಬಹುದು ಅಂತ ಕೆಲವು ಅಧ್ಯಯನಗಳು ಹೇಳಿದರೂ ಅವುಗಳ ಗುಣಮಟ್ಟ ಅಷ್ಟಕ್ಕಷ್ಟೇ. ನುಂಗಿದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳಲ್ಲಿ ಮನೆ ಕಟ್ಟಿಕೊಂಡು ಉಳಿಯುವುದೂ ಇಲ್ಲ, ನಿಲ್ಲಿಸಿದ ಕೆಲವು ದಿನ, ಕೆಲವು ವಾರದಲ್ಲಿ ಹೊರಟುಹೋಗುತ್ತವೆ. ಇನ್ನೊಂದು ವಿಷಯವೂ ಇದೆ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಆಂಟಿಬಯೋಟಿಕ್ ತಗೊಂಡ ದೊಡ್ಡವರಲ್ಲಿ ಒಂದು ಗುಂಪಿಗೆ 11 ತಳಿಗಳ ಪ್ರೊಬಯೋಟಿಕ್ ಕೊಟ್ಟು ನೋಡಿದರು. ಏನೂ ತಗೊಳ್ಳದೆ ಸುಮ್ನೆ ಇದ್ದವರಿಗಿಂತ ಇವರ ಸ್ವಂತ ಬ್ಯಾಕ್ಟೀರಿಯಾ ಮರಳಿ ಬೆಳೆಯುವುದು ತಡವಾಯಿತು. ಅಧ್ಯಯನ ಚಿಕ್ಕದು, ಇದೊಂದರಿಂದಲೇ ತೀರ್ಮಾನ ಮಾಡಲಾಗುವುದಿಲ್ಲ. ಆದರೂ ಕೋರ್ಸ್ ಮುಗಿದ ಮೇಲೆ ತಿಂಗಳುಗಟ್ಟಲೆ ಎಳೆಯಬೇಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಆ ದುಡ್ಡಿಗೆ ಸೊಪ್ಪು, ಕಾಳು, ರಾಗಿ, ಹಣ್ಣು ತನ್ನಿ. ನಿಮ್ಮ ಕರುಳಲ್ಲಿ ಈಗಾಗಲೇ ಇರುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ನಾರು ಅದರಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೆ ಪ್ರೊಬಯೋಟಿಕ್ ಬಗ್ಗೆ ನನಗೆ ನಂಬಿಕೆಯೇ ಇಲ್ಲ ಅಂದುಕೊಳ್ಳಬೇಡಿ. ತುಂಬಾ ಭರವಸೆ ಕೊಟ್ಟ ಕೆಲಸ ನಮ್ಮ ಒಡಿಶಾದ ಹಳ್ಳಿಗಳಲ್ಲೇ ನಡೆದಿದೆ. ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಅವರ ತಂಡ ಹಲವು ತಳಿಗಳನ್ನು ಪರೀಕ್ಷೆ ಮಾಡಿ, ಕೂಸಿನ ಕರುಳಲ್ಲಿ ನೆಲೆ ನಿಲ್ಲುವ ಒಂದು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ತಳಿಯನ್ನು ಆರಿಸಿಕೊಂಡರು. ಅದಕ್ಕೆ ಆಹಾರವಾಗಿ ಒಂದು ಬಗೆಯ ಸಕ್ಕರೆ ಸೇರಿಸಿ, ಹುಟ್ಟಿ ಎರಡು-ನಾಲ್ಕು ದಿನವಾದ, ಎದೆಹಾಲು ಕುಡಿಯುವ ಆರೋಗ್ಯವಂತ ಕೂಸುಗಳಿಗೆ ಒಂದೇ ವಾರ ಕೊಟ್ಟರು. ಒಟ್ಟು 4,500ಕ್ಕೂ ಹೆಚ್ಚು ಕೂಸುಗಳು ಈ ಪ್ರಯೋಗದಲ್ಲಿದ್ದವು. ಎರಡು ತಿಂಗಳವರೆಗೆ ನೋಡಿದಾಗ, ರಕ್ತಕ್ಕೆ ನಂಜು ಏರುವುದು ಅಥವಾ ಸಾವು ಸಂಭವಿಸುವುದು ನೂರಕ್ಕೆ 9ರಿಂದ 5.4ಕ್ಕೆ ಇಳಿದಿತ್ತು. 2017ರಲ್ಲಿ ಇದು ಪ್ರಕಟವಾಯಿತು. ಓದಿದ ದಿನ ನನಗೆ ಬಹಳ ಖುಷಿ ಆಗಿತ್ತು. ಆದರೆ ಅದೂ ಆ ಒಂದು ತಳಿಯ ಫಲಿತಾಂಶ. ಅದನ್ನು ನೋಡಿ ಅಂಗಡಿಯ ಯಾವುದೋ ಡ್ರಾಪ್ಸನ್ನು ಎಳೆಕೂಸಿಗೆ ಹಾಕಬೇಡಿ. ದಿನ ತುಂಬದೆ ಹುಟ್ಟಿದ ಕೂಸಾದರಂತೂ ಡಾಕ್ಟರು ಹೇಳದೆ ಬೇಡವೇ ಬೇಡ. ಅಂಥ ಕೂಸುಗಳಲ್ಲಿ ಪ್ರೊಬಯೋಟಿಕ್‌ನಿಂದಲೇ ಸೋಂಕಾಗಿ ಸಾವು ಸಂಭವಿಸಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಕೆ ಕೊಟ್ಟಿದೆ.

ನಿಮ್ಮ ಮಾವನ ವಿಷಯಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಕಿಮೋ ನಡೆಯುವಾಗ ಬಿಳಿ ರಕ್ತಕಣಗಳು ಕೆಳಗಿಳಿಯುತ್ತವೆ, ಕರುಳಿನ ಒಳಪದರವೂ ತೆಳುವಾಗಿರುತ್ತದೆ. ನಮಗೆ ಏನೂ ಮಾಡದ ಬ್ಯಾಕ್ಟೀರಿಯಾ, ಯೀಸ್ಟು ಅವರಲ್ಲಿ ರಕ್ತಕ್ಕೆ ದಾಟಿಬಿಡಬಹುದು. ಬೌಲಾರ್ಡಿಯಂತೂ ಇನ್ನೂ ಅಪಾಯ. ಎದೆಯಲ್ಲಿ ಪೋರ್ಟ್ (ಕಿಮೋ ಔಷಧಿ ಕೊಡಲು ಚರ್ಮದ ಕೆಳಗೆ ಕೂರಿಸುವ ಸಾಧನ) ಅಥವಾ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿರುವವರ ಹತ್ತಿರ ಬೌಲಾರ್ಡಿ ಕ್ಯಾಪ್ಸೂಲ್ ಬಿಚ್ಚಿದಾಗ ಪುಡಿ ಕೈಗೆ, ಗಾಳಿಗೆ ತಾಗಿ ನಳಿಕೆ ಮೂಲಕ ರಕ್ತಕ್ಕೆ ಸೇರಿದ ಉದಾಹರಣೆಗಳಿವೆ. ಅಂಥವರಿಗೆ ಇದನ್ನು ಕೊಡಲೇಬಾರದು ಅಂತ ಯುರೋಪಿನ ಔಷಧ ಸಂಸ್ಥೆಯೇ ಹೇಳಿದೆ. ತೀವ್ರ ಕಾಯಿಲೆಯವರ ವಿಷಯದಲ್ಲಿ ನೆದರ್‌ಲ್ಯಾಂಡ್ಸ್ ಒಂದು ಕಹಿ ಪಾಠ ಕಲಿತಿದೆ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಬಂದವರಿಗೆ ಸೋಂಕು ತಡೆಯಲಿ ಅಂತ ಪ್ರೊಬಯೋಟಿಕ್ ಕೊಟ್ಟು ನೋಡಿದರು, 2008ರಲ್ಲಿ ಫಲಿತಾಂಶ ಬಂತು. ಪ್ರೊಬಯೋಟಿಕ್ ತಗೊಂಡ ಗುಂಪಿನಲ್ಲಿ ನೂರಕ್ಕೆ 16 ಜನ ಸತ್ತಿದ್ದರು, ತಗೊಳ್ಳದವರಲ್ಲಿ 6 ಜನ.

ಆದ್ದರಿಂದ ಮಾವನಿಗೆ ಆ ಕ್ಯಾಪ್ಸೂಲ್ ಈಗ ಕೊಡಬೇಡಿ. ಮಗನ ಸ್ಯಾಶೆ ಬೌಲಾರ್ಡಿಯದ್ದಾದರೆ ಅದನ್ನು ಮಾವನ ಕೋಣೆಯಲ್ಲಿ ಬಿಚ್ಚಬೇಡಿ, ಕಲಸಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಂಡೇ ಅವರ ಹತ್ತಿರ ಹೋಗಿ. ಮುಂದಿನ ಸಲ ಕಿಮೋಗೆ ಹೋಗುವಾಗ ಗಂಡ ತರಿಸಿದ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಕೊಡಬಹುದಾ, ಬಿಳಿ ರಕ್ತಕಣಗಳ ಕೌಂಟ್ ಎಷ್ಟಿದ್ದಾಗ ಕೊಡಬಾರದು ಅನ್ನುವುದನ್ನೂ ಅವತ್ತೇ ಕೇಳಿ ಬರೆದುಕೊಂಡು ಬನ್ನಿ.